ಮೇರಿ ಎಲಿಜಬೆತ್ ಬ್ರಾಡನ್: ಕಾದಂಬರಿಗಾರ್ತಿ ನೆನಪಿದ್ದಾಳೆ, ಸಂಪಾದಕಿ ಎಲ್ಲಿ ಹೋದಳು?

ಕಂತುಪ್ರಿಯೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಬ್ರಾಡನ್ ಒಬ್ಬಳನ್ನೇ ಓದುತ್ತಿದ್ದೇನೆ. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಹೆಸರು ಗೊತ್ತಿರುತ್ತದೆ, 'ಲೇಡಿ ಆಡ್ಲೀಸ್ ಸೀಕ್ರೆಟ್' ಬರೆದವಳು ಅಂತ. ಅಲ್ಲಿಗೆ ಮಾತು ಮುಗಿಯುತ್ತದೆ. ಆಕೆ ಸುಮಾರು ಹತ್ತು ವರ್ಷ 'ಬೆಲ್‌ಗ್ರೇವಿಯಾ' ಅನ್ನುವ ಮಾಸಪತ್ರಿಕೆಯ ಸಂಪಾದಕಿಯಾಗಿದ್ದಳು. ಅದೇ ಹೊತ್ತಿನಲ್ಲಿ ಮನೆ ತುಂಬಾ ಮಕ್ಕಳನ್ನು ಸಾಕಿದಳು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಇಲ್ಲಿ ಮಾತಾಡೋಣ ಅಂತ ಶುರು ಮಾಡಿದ್ದೇನೆ.

ಮೊದಲು ಹಿನ್ನೆಲೆ. ಹುಟ್ಟಿದ್ದು 1835ರಲ್ಲಿ, ಲಂಡನ್ನಿನ ಸೋಹೋದಲ್ಲಿ. ಅಪ್ಪ ವಕೀಲ. ಜವಾಬ್ದಾರಿ ಇಲ್ಲದ ಮನುಷ್ಯ. ಮೇರಿ ಇನ್ನೂ ಪುಟ್ಟ ಹುಡುಗಿ ಇರುವಾಗಲೇ ಅಮ್ಮ ಅವನನ್ನು ಬಿಟ್ಟು ಬೇರೆ ಮನೆ ಮಾಡಿದಳು. ಮುಂದೆ ಸಂಸಾರಕ್ಕೆ ಕೈ ಹಿಡಿದದ್ದು ಈ ಹುಡುಗಿಯೇ. ಇನ್ನೂ ಇಪ್ಪತ್ತು ತುಂಬುವ ಮೊದಲೇ ನಾಟಕ ಕಂಪನಿಗಳನ್ನು ಸೇರಿದಳು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ರಂಗದ ಮೇಲೆ ನಿಲ್ಲುವುದು ಆಗ ದೊಡ್ಡ ಅಪವಾದ. ಅದಕ್ಕೇ 'ಮೇರಿ ಸೀಟನ್' ಅಂತ ಹೆಸರು ಬದಲಿಸಿಕೊಂಡಳು. ಊರೂರು ಅಲೆಯುವಾಗ ಅಮ್ಮ ಜೊತೆಗೇ ಇರುತ್ತಿದ್ದಳು.

1860ರಲ್ಲಿ ಯಾರ್ಕ್‌ಷೈರಿನ ಬೆವರ್ಲಿ ಅನ್ನುವ ಊರಿನ ಒಬ್ಬ ಮುದ್ರಕ ಆಕೆಯ ಮೊದಲ ಕಾದಂಬರಿ ಅಚ್ಚು ಹಾಕಿದ. ಅದು ಓಡಲಿಲ್ಲ. ಅದೇ ಹೊತ್ತಿಗೆ ಜಾನ್ ಮ್ಯಾಕ್ಸ್‌ವೆಲ್ ಪರಿಚಯವಾದ. ಐರ್ಲೆಂಡಿನವನು, ಲಂಡನ್ನಿನಲ್ಲಿ ಒಂದರ ಮೇಲೊಂದು ಪತ್ರಿಕೆ ಹೊರಡಿಸುತ್ತಿದ್ದ ಪ್ರಕಾಶಕ. 1861ರಲ್ಲಿ ಅವನ ಹೊಸ ವಾರಪತ್ರಿಕೆ 'ರಾಬಿನ್ ಗುಡ್‌ಫೆಲೋ'ಗೆ ಧಾರಾವಾಹಿ ಬೇಕಿತ್ತು, ಕೈಯಲ್ಲಿ ಇರಲಿಲ್ಲ. ಮುಂದೆ ಪ್ರಚಾರಕ್ಕೆ ಬಂದ ಕಥೆ ಹೀಗಿದೆ. ನಾನು ಬರೀತೀನಿ ಅಂದಳಂತೆ. ಸಮಯವೇ ಇಲ್ಲವಲ್ಲ ಅಂದನಂತೆ. ಎಷ್ಟು ಸಮಯ ಕೊಡ್ತೀರಿ ಅಂತ ಕೇಳಿದಳು. ನಾಳೆ ಬೆಳಿಗ್ಗೆವರೆಗೆ ಅಂದ. ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಮೊದಲ ಅಧ್ಯಾಯಗಳು ಇದ್ದವಂತೆ. ಅದೇ 'ಲೇಡಿ ಆಡ್ಲೀಸ್ ಸೀಕ್ರೆಟ್'.

ಪತ್ರಿಕೆ ಮೂರೇ ತಿಂಗಳಿಗೆ ಮುಚ್ಚಿತು. ಕಥೆ ಅರ್ಧಕ್ಕೆ ನಿಂತಿತು. ಮುಂದೇನಾಯಿತು ಅಂತ ಓದುಗರು ಕೇಳಿದರು. ಅದಕ್ಕೇ 1862ರಲ್ಲಿ 'ಸಿಕ್ಸ್‌ಪೆನಿ ಮ್ಯಾಗಜೀನ್'ನಲ್ಲಿ ಮತ್ತೆ ಮೊದಲಿಂದ ಶುರುವಾಯಿತು. ಅದೇ ವರ್ಷ ಮೂರು ಸಂಪುಟಗಳಲ್ಲಿ ಪುಸ್ತಕ ಬಂತು. ಪ್ರಕಾಶಕ ಟಿನ್ಸ್ಲಿ ಬಂದ ಲಾಭದಲ್ಲಿ ಮನೆ ಕಟ್ಟಿಸಿ ಅದಕ್ಕೆ 'ಆಡ್ಲಿ ಲಾಡ್ಜ್' ಅಂತ ಹೆಸರಿಟ್ಟ.

ಇಷ್ಟು ಎಲ್ಲ ಕಡೆ ಸಿಗುತ್ತದೆ. 1866ರ ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ ಶುರು ಮಾಡಿದ 'ಬೆಲ್‌ಗ್ರೇವಿಯಾ' ಪತ್ರಿಕೆ ಬಗ್ಗೆ ನಿಮಗೇನಾದರೂ ಗೊತ್ತಿದ್ದರೆ ಬರೆಯಿರಿ. ಅದರ ರಕ್ಷಾಪುಟದ ಮೇಲೆ ಸಂಪಾದಕಿ ಅಂತ ಆಕೆಯ ಹೆಸರೇ ಇತ್ತು.

ಮಲೆನಾಡ ಓದುಗ

ನಾನು ಈಗ ತಾನೇ ಲೇಡಿ ಆಡ್ಲಿ ಶುರು ಮಾಡಿದ್ದೇನೆ. ಬಾವಿಯ ಹತ್ತಿರ ಇದ್ದೇನೆ. ದಯವಿಟ್ಟು ಯಾರೂ ಕೊನೆ ಹೇಳಬೇಡಿ. ನಿಂಬೆ ಜಾತಿಯ ಮರಗಳ ಸಾಲು, ಅದರ ಕೊನೆಗೆ ಹಾಳುಬಿದ್ದ ಬಾವಿ. ಆ ಮನೆಯ ವರ್ಣನೆ ಓದುವಾಗಲೇ ಏನೋ ಸರಿಯಿಲ್ಲ ಅನ್ನಿಸುತ್ತದೆ. ಇದೆಲ್ಲ ನಿಜವಾದ ಜಾಗವಾ?

ಕಂತುಪ್ರಿಯೆ

ಎಸೆಕ್ಸಿನ ಇಂಗೇಟ್‌ಸ್ಟೋನ್ ಹಾಲ್ ನೋಡಿ ಹೊಳೆದದ್ದು ಅನ್ನುತ್ತಾರೆ. ಮನೆ ಈಗಲೂ ಇದೆ. ಒಂದು ಚಿಕ್ಕ ತಿದ್ದುಪಡಿ: ಇಂಗ್ಲಿಷಿನಲ್ಲಿ 'ಲೈಮ್' ಅಂತ ಬರೆದಿದ್ದರೂ ಅದು ನಮ್ಮ ನಿಂಬೆ ಅಲ್ಲ. ಅಲ್ಲಿನ ದೊಡ್ಡ ನೆರಳಿನ ಮರ ಅದು. ನಾನೂ ಮೊದಲ ಸಲ ನಿಂಬೆ ಅಂತಲೇ ಓದಿಕೊಂಡಿದ್ದೆ.

ಹಳೇ ಉಪಸಂಪಾದಕ

ತಂಗೀ, ಒಳ್ಳೆಯ ವಿಷಯ ಎತ್ತಿದ್ದೀಯ. ನಾನು ಒಂದು ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷ ಧಾರಾವಾಹಿಯ ಪುಟ ನೋಡಿಕೊಂಡವನು. ಈ ಕೆಲಸ ಹೊರಗಿನಿಂದ ಕಾಣುವುದೇ ಇಲ್ಲ.

ಒಂದು ರಾತ್ರಿ ನೆನಪಾಗುತ್ತದೆ. ಮರುದಿನ ಬೆಳಿಗ್ಗೆ ಪೇಜ್ ಪ್ರೆಸ್ಸಿಗೆ ಹೋಗಬೇಕು. ಲೇಖಕರಿಂದ ಮ್ಯಾಟರ್ ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ಚಿತ್ರ ಬರೆಯುವವರು ಮಾತ್ರ ಹಿಂದಿನ ವಾರವೇ ಕೇಳಿಕೊಂಡು, ನಾಯಕಿ ರೈಲು ಹತ್ತುವ ಚಿತ್ರ ಬರೆದುಕೊಟ್ಟಿದ್ದಾರೆ. ಕೊನೆಗೆ ರಾತ್ರಿ ಹನ್ನೊಂದಕ್ಕೆ ಕಂತು ಬಂತು. ಅದರಲ್ಲಿ ರೈಲೇ ಇಲ್ಲ! ಕೂತು ನಾಲ್ಕು ಸಾಲು ಸೇರಿಸಿ ನಾಯಕಿಯನ್ನು ರೈಲು ಹತ್ತಿಸಿದೆ. ಬೆಳಿಗ್ಗೆ ಲೇಖಕರಿಗೆ ಹೇಳಿ ಕ್ಷಮೆ ಕೇಳಿದೆ. ಮುಂದಿನ ಕಂತಿನಲ್ಲಿ ಅವರೇ ಅವಳನ್ನು ರೈಲಿನಿಂದ ಇಳಿಸಿಕೊಂಡರು.

ನಮ್ಮಲ್ಲಿ ಬರೆಯುವವರು ಬೇರೆ, ಪುಟ ತುಂಬುವವರು ಬೇರೆ. ಈ ಹೆಣ್ಣುಮಗಳು ಎರಡೂ ಮಾಡಿದಳು. ಸುಮ್ನೆ 1867ನೇ ವರ್ಷ ಒಂದನ್ನೇ ನೋಡಿ. ಬೆಲ್‌ಗ್ರೇವಿಯಾದಲ್ಲಿ 'ಬರ್ಡ್ಸ್ ಆಫ್ ಪ್ರೇ' ಆಕೆಯ ಹೆಸರಿನಲ್ಲಿ ಬರುತ್ತಿದೆ. 'ಸರ್ಸಿ' ಅನ್ನುವುದು ಬ್ಯಾಬಿಂಗ್ಟನ್ ವೈಟ್ ಅನ್ನುವ ಹೆಸರಿನಲ್ಲಿ ಬರುತ್ತಿದೆ. ಆ ವೈಟ್ ಕೂಡ ಆಕೆಯೇ. ಅದೇ ವರ್ಷ 'ಡೆಡ್ ಸೀ ಫ್ರೂಟ್' ಶುರುವಾಗುತ್ತದೆ. ಒಂದು ಮುಗಿಯುವ ಮೊದಲೇ ಇನ್ನೊಂದು ಓದುಗನ ಕೈ ಹಿಡಿದಿರಬೇಕು. ಇಲ್ಲದಿದ್ದರೆ ಕಥೆ ಮುಗಿದ ತಿಂಗಳೇ ಪತ್ರಿಕೆ ಕೊಳ್ಳುವುದನ್ನು ಬಿಡುತ್ತಾನೆ. ಇದು ಲಂಡನ್ನಿನಲ್ಲೂ ಅಷ್ಟೇ, ಬೆಂಗಳೂರಿನಲ್ಲೂ ಅಷ್ಟೇ.

ಕಥೆ ಅಲ್ಲದೆ ಬೇರೆಯವರ ಲೇಖನ, ಪದ್ಯ, ಚರಿತ್ರೆ, ವಿಜ್ಞಾನ, ಚಿತ್ರ ಎಲ್ಲ ಇತ್ತು. ಎಲ್ಲ ಸೇರಿ ಬೆಲೆ 1 ಶಿಲಿಂಗ್.

ಕಂತುಪ್ರಿಯೆ

ಅಣ್ಣ, ಆ ರೈಲಿನ ಕಥೆ ಓದಿ ಮೈ ಜುಂ ಅಂತು.

ಬೆಲೆಯ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು. ಆಗ ಹೊಸ ಕಾದಂಬರಿ ಅಂದರೆ ಮೂರು ಸಂಪುಟ, 31 ಶಿಲಿಂಗ್ 6 ಪೆನ್ಸ್. ಸಾಮಾನ್ಯ ಮನೆಯವರು ಕೊಳ್ಳುವ ಮಾತೇ ಇಲ್ಲ. ಮ್ಯೂಡಿಯ ಗ್ರಂಥಾಲಯಕ್ಕೆ ವರ್ಷಕ್ಕೆ ಒಂದು ಗಿನಿ (21 ಶಿಲಿಂಗ್) ಕಟ್ಟಿ ಒಂದೊಂದೇ ಸಂಪುಟ ಎರವಲು ತರಬೇಕಿತ್ತು. ಮ್ಯೂಡಿಗೆ ಹಿಡಿಸದ ಪುಸ್ತಕಕ್ಕೆ ಅಲ್ಲಿ ಜಾಗ ಸಿಗುತ್ತಿರಲಿಲ್ಲ. ಹಾಗಾಗಿ 1 ಶಿಲಿಂಗಿನ ಮಾಸಪತ್ರಿಕೆ ದೊಡ್ಡ ಬಾಗಿಲು ತೆರೆಯಿತು. ಮೊದಲು ಪತ್ರಿಕೆಯಲ್ಲಿ ಕಂತು, ಆಮೇಲೆ ಮೂರು ಸಂಪುಟ, ಆಮೇಲೆ ರೈಲು ನಿಲ್ದಾಣದ ಅಂಗಡಿಯಲ್ಲಿ 2 ಶಿಲಿಂಗಿನ ಅಗ್ಗದ ಪ್ರತಿ. ಒಂದೇ ಕಥೆ ಮೂರು ಸಲ ಮಾರಾಟ.

ಹೆಸರನ್ನೂ ನೋಡಿ. ಬೆಲ್‌ಗ್ರೇವಿಯಾ ಅಂದರೆ ಲಂಡನ್ನಿನ ಶ್ರೀಮಂತರ ಬಡಾವಣೆ. ಅಲ್ಲಿಯವರು ಇದನ್ನು ಓದುತ್ತಿದ್ದರೋ ಇಲ್ಲವೋ, ಅಲ್ಲಿ ಇರಬೇಕು ಅಂತ ಆಸೆ ಇದ್ದವರೆಲ್ಲ ಕೊಳ್ಳಲಿ ಅಂತ ಇಟ್ಟ ಹೆಸರು ಅದು ಅಂತ ನನಗನ್ನಿಸುತ್ತದೆ.

ಕೋರ್ಟು ಕಚೇರಿ

ನಾನು ವಕೀಲೆ. ಸಾಹಿತ್ಯ ಅಷ್ಟಾಗಿ ಗೊತ್ತಿಲ್ಲ. ಬ್ರಾಡನ್ ವಿಷಯದಲ್ಲಿ ಕಾನೂನಿನ ಭಾಗ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬ್ರಾಡನ್ ಮತ್ತು ಪ್ರಕಾಶಕ ಮ್ಯಾಕ್ಸ್‌ವೆಲ್ ಜೊತೆಯಾದಾಗ ಅವನಿಗೆ ಆಗಲೇ ಮದುವೆ ಆಗಿತ್ತು. ಹೆಂಡತಿ ಬದುಕಿದ್ದಳು. ಆಕೆಗೆ ಮಾನಸಿಕ ಕಾಯಿಲೆ, ಐರ್ಲೆಂಡಿನಲ್ಲಿ ಇದ್ದಳು. 1857ರಲ್ಲಿ ಇಂಗ್ಲೆಂಡಿಗೆ ವಿಚ್ಛೇದನದ ಕಾನೂನು ಬಂತು ನಿಜ. ಆದರೆ ಮಾನಸಿಕ ಕಾಯಿಲೆ ಅದರಲ್ಲಿ ವಿಚ್ಛೇದನಕ್ಕೆ ಕಾರಣವಾಗಿರಲಿಲ್ಲ. ಅದು ಸೇರಿದ್ದು 1937ರಲ್ಲಿ. ಹಾಗಾಗಿ ಇವರಿಬ್ಬರೂ ಮದುವೆಯಾಗುವ ದಾರಿಯೇ ಇರಲಿಲ್ಲ. ಆದರೂ ಒಟ್ಟಿಗೆ ಸಂಸಾರ ಮಾಡಿದರು. ಅವನ ಮೊದಲ ಹೆಂಡತಿಯ ಐದು ಮಕ್ಕಳನ್ನು ಈಕೆ ಸಾಕಿದಳು. ಈಕೆಗೇ ಆರು ಮಕ್ಕಳಾದವು, ಅದರಲ್ಲಿ ಒಂದು ಕೂಸಾಗಿರುವಾಗಲೇ ತೀರಿಕೊಂಡಿತು.

1864ರಲ್ಲಿ ತಮಗೆ ಮದುವೆಯಾಗಿದೆ ಅನ್ನುವ ಸುದ್ದಿಯನ್ನು ಮ್ಯಾಕ್ಸ್‌ವೆಲ್ ಪತ್ರಿಕೆಗಳಲ್ಲಿ ಹಾಕಿಸಿದ. ಮೊದಲ ಹೆಂಡತಿಯ ಕಡೆಯ ಸಂಬಂಧಿಯೊಬ್ಬರು ಅದು ಸುಳ್ಳು ಅಂತ ಬಹಿರಂಗವಾಗಿ ಬರೆದರು. ಯೋಚಿಸಿ, ಆಗ ಈಕೆ ದೇಶದಲ್ಲೇ ಹೆಸರಾದ ಲೇಖಕಿ.

1874ರಲ್ಲಿ ಮೊದಲ ಹೆಂಡತಿ ತೀರಿಕೊಂಡಳು. ಆ ಸುದ್ದಿಯೂ ಬಹಿರಂಗವಾಯಿತು. ಇಷ್ಟು ವರ್ಷ ಯಜಮಾನಿ ಅಂದುಕೊಂಡವಳು ಹೆಂಡತಿ ಅಲ್ಲ ಅಂತ ಗೊತ್ತಾಗಿ ಮನೆಯ ಆಳುಗಳು ಕೆಲಸ ಬಿಟ್ಟರು. ಆ ಅಕ್ಟೋಬರಿನಲ್ಲಿ ಫ್ಲೀಟ್ ಸ್ಟ್ರೀಟಿನ ಸೇಂಟ್ ಬ್ರೈಡ್ ಚರ್ಚಿನಲ್ಲಿ ಇಬ್ಬರ ಮದುವೆ ಆಯಿತು. ಆಗ ಆಕೆಗೆ ಸುಮಾರು 39 ವರ್ಷ.

ಇನ್ನೊಂದು ವಿಷಯ. 1870ರ ಕಾನೂನು ಬರುವವರೆಗೆ ಮದುವೆಯಾದ ಹೆಂಗಸು ದುಡಿದ ಹಣ ಕಾನೂನಿನ ಲೆಕ್ಕದಲ್ಲಿ ಗಂಡನದು. ಬ್ರಾಡನ್‌ಗೆ ಮದುವೆ ಆಗಿರಲಿಲ್ಲ. ಅಂದರೆ ಲೇಡಿ ಆಡ್ಲಿಯಿಂದ ಬಂದ ಹಣ ಕಾನೂನಿನ ಪ್ರಕಾರ ಆಕೆಯದೇ. ಅದನ್ನು ಆ ಸಂಸಾರಕ್ಕೂ ಅವನ ಪ್ರಕಾಶನದ ವ್ಯವಹಾರಕ್ಕೂ ಹಾಕಿದ್ದು ಯಾರ ಬಲವಂತದಿಂದಲ್ಲ. ಇದನ್ನು ಓದಿದಾಗ ನನಗೆ ಆಕೆಯ ಮೇಲೆ ತುಂಬಾ ಗೌರವ ಬಂತು.

ಮಲೆನಾಡ ಓದುಗ

ಮೇಡಂ, ನೀವು ಹೇಳಿದ್ದು ಓದಿದ ಮೇಲೆ ಪುಸ್ತಕ ಬೇರೆ ಥರ ಕಾಣುತ್ತಿದೆ. ಗಂಡ ಬದುಕಿರುವಾಗ ಇನ್ನೊಂದು ಮದುವೆಯಾದ ಹೆಂಗಸಿನ ಕಥೆಯನ್ನು, ಮದುವೆಯಾಗಲಾರದ ಹೆಂಗಸು ಕೂತು ಬರೆದಿದ್ದಾಳೆ.

ನೇರ ಮಾತು

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಇನ್ನೊಂದು ಬದಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಲೆ ಉಪಸಂಪಾದಕರು 'ಸರ್ಸಿ' ಅಂದರಲ್ಲ, ಅದು ಫ್ರೆಂಚ್ ಲೇಖಕ ಓಕ್ಟಾವ್ ಫಯೆ ಬರೆದ 'ದಲೀಲಾ' ನಾಟಕದಿಂದ ಎತ್ತಿದ್ದು. ಮೂಲದ ಹೆಸರು ಹೇಳಿರಲಿಲ್ಲ. 'ಪಾಲ್ ಮಾಲ್ ಗೆಜೆಟ್' ಪತ್ರಿಕೆ ಅದನ್ನು ಹಿಡಿದು ಬಯಲಿಗೆಳೆಯಿತು. ಬರೆದವಳೂ ಆಕೆ, ಅಚ್ಚು ಹಾಕಿದ ಪತ್ರಿಕೆಯ ಸಂಪಾದಕಿಯೂ ಆಕೆ. ಸಂಪಾದಕಿಯಾಗಿ ಆಕೆಯ ಮೊದಲ ಕರ್ತವ್ಯ ಓದುಗರಿಗೆ ನಿಜ ಹೇಳುವುದು. ಅಲ್ವಾ? ಇದನ್ನು ಮನೆಯ ಕಷ್ಟ ಹೇಳಿ ಮುಚ್ಚಬಾರದು.

ಇನ್ನೊಂದು, ಎಂಬತ್ತಕ್ಕೂ ಹೆಚ್ಚು ಕಾದಂಬರಿ. ಎಲ್ಲವೂ ಚೆನ್ನಾಗಿರಲು ಸಾಧ್ಯವೇ ಇಲ್ಲ. ನಾನು ಆರು ಓದಿದ್ದೇನೆ. ಎರಡು ಮೆಚ್ಚಿದೆ. ಉಳಿದ ನಾಲ್ಕರಲ್ಲಿ ಪುಟ ತುಂಬಿಸಿದ್ದು ಎದ್ದು ಕಾಣುತ್ತದೆ.

ಕಂತುಪ್ರಿಯೆ

ಬೇಜಾರು ಯಾಕೆ ಸರ್. 'ಸರ್ಸಿ' ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪುತ್ತೇನೆ. ಅದು ತಪ್ಪೇ. ಬೇರೆ ಭಾಷೆಯ ಕಥೆಯನ್ನು ರೂಪಾಂತರ ಮಾಡುವುದು ಆಗ ರಂಗಭೂಮಿಯಲ್ಲಿ ದಿನನಿತ್ಯದ ಕೆಲಸ. ಆಕೆ ಬೆಳೆದದ್ದು ಅಲ್ಲೇ. ಆದರೂ ಮೂಲ ಹೇಳಬೇಕಿತ್ತು. ಬ್ಯಾಬಿಂಗ್ಟನ್ ಅನ್ನುವುದು ಆಗಿನ್ನೂ ಕೂಸಾಗಿದ್ದ ಮಗನ ಹೆಸರಿನ ಭಾಗ. ಮಗ ವಿಲಿಯಂ ಬ್ಯಾಬಿಂಗ್ಟನ್ ಮ್ಯಾಕ್ಸ್‌ವೆಲ್, ಮುಂದೆ ಅವನೂ ಕಾದಂಬರಿಕಾರನಾದ. ಆ ಹೆಸರಿಗೆ ಇಂಥ ಕಳಂಕ ಹತ್ತಿತಲ್ಲ ಅಂತ ನನಗೆ ನೋವಾಯಿತು.

ಹೋಲಿಕೆಗೆ 'ದಿ ಡಾಕ್ಟರ್ಸ್ ವೈಫ್' ನೋಡಿ, 1864ರದ್ದು. ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್‌ನ 'ಮದಾಂ ಬೊವಾರಿ' ಓದಿ ಹೊಳೆದದ್ದು. ಇಲ್ಲಿ ನಕಲು ಇಲ್ಲ. ಇಸಬೆಲ್ ಅನ್ನುವ ಹುಡುಗಿ ಕಾದಂಬರಿ ಓದಿ ಓದಿ ಬದುಕೂ ಹಾಗೇ ಇರಬೇಕು ಅಂದುಕೊಳ್ಳುತ್ತಾಳೆ. ಫ್ಲೋಬೇರ್‌ನ ಎಮ್ಮಾ ವಿಷ ಕುಡಿಯುತ್ತಾಳೆ, ಇಸಬೆಲ್ ಬದುಕುತ್ತಾಳೆ. ಅದರಲ್ಲಿ ಸಿಗಿಸ್ಮಂಡ್ ಸ್ಮಿತ್ ಅಂತ ಒಬ್ಬ ಬರುತ್ತಾನೆ. ಅಗ್ಗದ ಪತ್ರಿಕೆಗಳಿಗೆ ಕೊಲೆಯ ಕಥೆ ಬರೆದುಕೊಡುವವನು. ಬರೆಯುವುದೆಲ್ಲ ರಕ್ತಪಾತ, ಮನುಷ್ಯ ಮಾತ್ರ ಹಸುವಿನಂಥವನು. ಬ್ರಾಡನ್ ಕೂಡ ಶುರುವಿನಲ್ಲಿ 'ಹಾಫ್‌ಪೆನಿ ಜರ್ನಲ್'ಗೆ ಹೆಸರು ಹಾಕದೆ ಅಂಥ ಕಥೆಗಳನ್ನೇ ಬರೆದುಕೊಡುತ್ತಿದ್ದಳು. ಆ ಓದುಗರಿಗೆ ಎಷ್ಟು ಕೊಲೆ, ಎಷ್ಟು ವಿಷಪ್ರಾಶನ ಬೇಕಾಗುತ್ತದೆ ಅಂತ ಗುರುವಿನಂತಿದ್ದ ಕಾದಂಬರಿಕಾರ ಬುಲ್ವರ್ ಲಿಟ್ಟನ್‌ಗೆ ಕಾಗದದಲ್ಲಿ ಬರೆದಿದ್ದಳು. ಲೇಡಿ ಆಡ್ಲಿಯನ್ನು ಅರ್ಪಿಸಿದ್ದು ಅವನಿಗೇ.

ವಿಮರ್ಶಕರು ಮಾತ್ರ ಇದನ್ನೆಲ್ಲ ನೋಡಲಿಲ್ಲ. 1865ರಲ್ಲಿ ಫ್ರೇಸರ್ ರೇ ಅನ್ನುವ ವಿಮರ್ಶಕ ಏನು ಬರೆದ ಗೊತ್ತಾ? ಅಡುಗೆಮನೆಯ ಸಾಹಿತ್ಯವನ್ನು ತಂದು ನಡುಮನೆಯವರ ಅಚ್ಚುಮೆಚ್ಚಿನ ಓದು ಮಾಡಿದವಳು ಈಕೆ ಅಂತ. ಅವನು ಬೈದದ್ದು. ನನಗೆ ಅದರಲ್ಲಿ ಹೊಗಳಿಕೆ ಕಾಣುತ್ತದೆ. ಅಡುಗೆಮನೆಯಲ್ಲಿ ಕೂತು ಓದುವವರೂ, ನಡುಮನೆಯಲ್ಲಿ ಕೂತು ಓದುವವರೂ ಒಂದೇ ಕಥೆಗೆ ಕಾಯುವಂತೆ ಮಾಡುವುದು ಸಣ್ಣ ಕೆಲಸವಾ?

1867ರಲ್ಲಿ ಕಾದಂಬರಿಗಾರ್ತಿ ಮಾರ್ಗರೆಟ್ ಆಲಿಫಂಟ್ ಕೂಡ 'ಬ್ಲ್ಯಾಕ್‌ವುಡ್ಸ್' ಪತ್ರಿಕೆಯಲ್ಲಿ ಬಿಸಿ ಮುಟ್ಟಿಸಿದಳು. ಒಳ್ಳೆಯ ಮನೆತನದ ಹುಡುಗಿಯರ ಮನಸ್ಸು ಈಕೆಗೆ ಗೊತ್ತಿಲ್ಲ ಅನ್ನುವ ಧಾಟಿ. ಆಲಿಫಂಟ್ ಕೂಡ ವಿಧವೆಯಾಗಿ, ಬರವಣಿಗೆಯಿಂದಲೇ ಮಕ್ಕಳನ್ನು ಸಾಕಿದವಳು. ಇಬ್ಬರೂ ಒಮ್ಮೆ ಕೂತು ಮಾತಾಡಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ.

ಇಲ್ಲೇ ಬೆಲ್‌ಗ್ರೇವಿಯಾ ಕೆಲಸಕ್ಕೆ ಬಂತು. ಅದೇ ವರ್ಷ ನವೆಂಬರಿನಲ್ಲಿ ಪತ್ರಕರ್ತ ಜಾರ್ಜ್ ಅಗಸ್ಟಸ್ ಸಾಲಾ ಗುಟ್ಟು, ಅಪರಾಧ ತುಂಬಿದ ಇಂಥ ಕಾದಂಬರಿಗಳ ಪರವಾಗಿ ಗಟ್ಟಿಯಾಗಿ ಬರೆದ. ಅಚ್ಚಾದದ್ದು ಬೆಲ್‌ಗ್ರೇವಿಯಾದಲ್ಲಿ. ಬೇರೆ ಲೇಖಕಿಯರು ಬೈಸಿಕೊಂಡು ಸುಮ್ಮನಿರಬೇಕಿತ್ತು. ಈಕೆಯ ಕೈಯಲ್ಲಿ ಸ್ವಂತ ಪತ್ರಿಕೆ ಇತ್ತು.

ನೇರ ಮಾತು

ಸಾಲಾನ ಲೇಖನದ ವಿಷಯ ನನಗೆ ಗೊತ್ತಿರಲಿಲ್ಲ. ಸಂಪಾದಕಿ ತನ್ನ ಪರವಾದ ಲೇಖನವನ್ನು ತನ್ನ ಪತ್ರಿಕೆಯಲ್ಲೇ ಹಾಕುವುದು ಸರಿಯಾ ಅನ್ನುವ ಪ್ರಶ್ನೆ ಉಳಿಯುತ್ತದೆ. ಆದರೆ 'ಡಾಕ್ಟರ್ಸ್ ವೈಫ್' ನಾನು ಮೆಚ್ಚಿದ ಎರಡರಲ್ಲಿ ಒಂದು. ಇನ್ನೊಂದು 'ಜೋಶುವಾ ಹ್ಯಾಗರ್ಡ್ಸ್ ಡಾಟರ್', 1876ರದ್ದು. ಅದರಲ್ಲಿ ಅವಸರವೇ ಇಲ್ಲ.

ಲಖನೌ ಕನ್ನಡಿಗ

ಒಂದು ಸಣ್ಣ ಮಾಹಿತಿ. ನಾನು ಇಪ್ಪತ್ತು ವರ್ಷದಿಂದ ಲಖನೌದಲ್ಲಿದ್ದೇನೆ. ಬ್ರಾಡನ್‌ಳ ಅಣ್ಣ ಎಡ್ವರ್ಡ್ ಹುಡುಗನಾಗಿರುವಾಗಲೇ ಕಲ್ಕತ್ತಾಗೆ ಬಂದವನು. ಮುಂದೆ ಇಲ್ಲಿನ ಅವಧ್‌ನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ. ಆಮೇಲೆ ಟಾಸ್ಮೇನಿಯಾಕ್ಕೆ ಹೋಗಿ 1894ರಿಂದ 1899ರವರೆಗೆ ಅಲ್ಲಿನ ಪ್ರಧಾನಿಯಾದ. ಆಸ್ಟ್ರೇಲಿಯಾದ ಸಂವಿಧಾನದಲ್ಲಿ 'ಬ್ರಾಡನ್ ಕ್ಲಾಸ್' ಅಂತ ಒಂದು ವಿಧಿಗೆ ಇವನದೇ ಹೆಸರು. ತಂಗಿಯ ಕಥೆಗಳಲ್ಲಿ ಜನ ಮತ್ತೆ ಮತ್ತೆ ಸಮುದ್ರ ದಾಟಿ ಹೋಗಿ ಬರುವುದು ನೋಡಿದಾಗೆಲ್ಲ ನನಗೆ ಈ ಅಣ್ಣ ನೆನಪಾಗುತ್ತಾನೆ.

ಹಳೇ ಉಪಸಂಪಾದಕ

1868ರ ಬಗ್ಗೆ ಯಾರೂ ಬರೆಯಲಿಲ್ಲ. ಬರೆಯಲೇಬೇಕು.

ಆ ವರ್ಷದ ಕೊನೆಯಲ್ಲಿ, ವಾರಗಳ ಅಂತರದಲ್ಲಿ, ಅಕ್ಕ ತೀರಿಕೊಂಡಳು, ಆಮೇಲೆ ಅಮ್ಮ ತೀರಿಕೊಂಡಳು. ಊರೂರು ನಾಟಕಕ್ಕೆ ಜೊತೆಗೆ ಬರುತ್ತಿದ್ದ ಅದೇ ಅಮ್ಮ. ಈಕೆಗೆ ಆಗ ಬಾಣಂತನ ಬೇರೆ. ಜ್ವರ ಬಂತು, ಮನಸ್ಸು ಕುಸಿಯಿತು. ತಿಂಗಳುಗಟ್ಟಲೆ ಬರೆಯಲಾಗಲಿಲ್ಲ. ಆ ಮೊದಲು ವರ್ಷಕ್ಕೆ ಎರಡು ಮೂರು ಕಾದಂಬರಿ ಬರೆದ ಕೈ ಅದು.

ಪತ್ರಿಕೆ ನಿಲ್ಲಲಿಲ್ಲ. ತಿಂಗಳು ತಿಂಗಳು ಬಂತು. ಅದು ನನಗೆ ಅರ್ಥವಾಗುತ್ತದೆ. ನಮ್ಮಲ್ಲೂ ಯಾರ ಮನೆಯಲ್ಲಿ ಏನೇ ಆದರೂ ವಾರದ ಸಂಚಿಕೆ ಗುರುವಾರ ಅಂಗಡಿಯಲ್ಲಿ ಇರಲೇಬೇಕಿತ್ತು. ಆದರೆ ಆಕೆ ಎದ್ದು ಮತ್ತೆ ಬಂದು ಅದೇ ಮೇಜಿಗೆ ಕೂತಳಲ್ಲ, 1870ರ ಹೊತ್ತಿಗೆ ಬೆಲ್‌ಗ್ರೇವಿಯಾದಲ್ಲಿ 'ಫೆಂಟನ್ಸ್ ಕ್ವೆಸ್ಟ್' ಶುರು ಮಾಡಿದಳಲ್ಲ, ಅದನ್ನು ನಾನು ಎಷ್ಟು ಸಲ ಯೋಚಿಸಿದರೂ ಸಾಕಾಗುವುದಿಲ್ಲ. ಆಮೇಲೂ ಆರು ವರ್ಷ ಸಂಪಾದಕಿಯಾಗಿದ್ದಳು. 1876ರಲ್ಲಿ ಮ್ಯಾಕ್ಸ್‌ವೆಲ್ ಪತ್ರಿಕೆಯನ್ನು ಚಾಟೋ ಅಂಡ್ ವಿಂಡಸ್ ಸಂಸ್ಥೆಗೆ ಮಾರಿದ. ಎರಡು ವರ್ಷದ ನಂತರ ಥಾಮಸ್ ಹಾರ್ಡಿಯ 'ದಿ ರಿಟರ್ನ್ ಆಫ್ ದಿ ನೇಟಿವ್' ಕಂತುಕಂತಾಗಿ ಬಂದದ್ದು ಅದೇ ಬೆಲ್‌ಗ್ರೇವಿಯಾದಲ್ಲಿ. ಹಾರ್ಡಿಯನ್ನು ಓದುವವರು ಈ ಪತ್ರಿಕೆಯನ್ನು ಕಟ್ಟಿದವರು ಯಾರು ಅಂತ ಕೇಳುವುದೇ ಇಲ್ಲ.

ಕಂತುಪ್ರಿಯೆ

ಅಣ್ಣ, ಇದನ್ನು ನೀವೇ ಬರೆದದ್ದು ಒಳ್ಳೆಯದಾಯಿತು. ನಾನು ಬರೆಯಲು ಕೂತು ಎರಡು ಸಲ ಅಳಿಸಿದ್ದೆ.

ಉಳಿದದ್ದು ಚಿಕ್ಕದಾಗಿ ಹೇಳುತ್ತೇನೆ. ಬೆಲ್‌ಗ್ರೇವಿಯಾ ಬಿಟ್ಟ ಮೇಲೂ 'ಮಿಸಲ್‌ಟೋ ಬೋ' ಅನ್ನುವ ಕ್ರಿಸ್ಮಸ್ ವಿಶೇಷಾಂಕವನ್ನು ವರ್ಷ ವರ್ಷ ಸಂಪಾದಿಸಿದಳು. ರಿಚ್ಮಂಡಿನ ಲಿಚ್‌ಫೀಲ್ಡ್ ಹೌಸಿನಲ್ಲಿ ಮನೆ. ಮ್ಯಾಕ್ಸ್‌ವೆಲ್ ಆ ಊರಿನಲ್ಲಿ ಕಟ್ಟಿಸಿದ ಬೀದಿಗಳಿಗೆ ಆಕೆಯ ಪಾತ್ರಗಳ ಹೆಸರಿಟ್ಟ, ಆಡ್ಲಿ ರೋಡ್ ಈಗಲೂ ಇದೆ. 1895ರಲ್ಲಿ ಅವನು ತೀರಿಕೊಂಡ. ಆಮೇಲೂ ಬರೆದಳು. 1896ರಲ್ಲಿ 'ಸ್ಟ್ರಾಂಡ್' ಪತ್ರಿಕೆಯಲ್ಲಿ 'ಗುಡ್ ಲೇಡಿ ಡ್ಯೂಕೇನ್' ಅಂತ ಒಂದು ಕಥೆ ಬಂತು. ಮುದುಕಿಯೊಬ್ಬಳು ಬಡ ಹುಡುಗಿಯರನ್ನು ಜೊತೆಗಾತಿಯರಾಗಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾಳೆ, ಅವರು ಒಬ್ಬೊಬ್ಬರಾಗಿ ಬಿಳಿಚಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಓದಬಹುದು, ರಾತ್ರಿ ಮಾತ್ರ ಬೇಡ. 1915ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಆಕೆಗೆ 79. ಕೊನೆಯ ಕಾದಂಬರಿ ಅಚ್ಚಾಗಿ ಬಂದದ್ದು ಮುಂದಿನ ವರ್ಷ.

ಹೊಸ ಸದಸ್ಯೆ

ನಾನು ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಇಂಗ್ಲಿಷ್ ನಿಧಾನವಾಗಿ ಓದುತ್ತೇನೆ, ದಪ್ಪ ಪುಸ್ತಕ ಅಂದರೆ ಭಯ. ಅಜ್ಜಿ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ, ಸೂಜಿ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಇಡುತ್ತಿದ್ದರು. ಅಂಥ ಹನ್ನೆರಡು ಕಟ್ಟು ನಮ್ಮ ಅಟ್ಟದಲ್ಲಿವೆ. ಒಂದರಲ್ಲಿ ಏಳನೇ ಕಂತು ಇಲ್ಲ. ಅಲ್ಲಿ ಅಜ್ಜಿ ಖಾಲಿ ಹಾಳೆ ಹೊಲಿದು 'ಈ ವಾರ ಪತ್ರಿಕೆ ಸಿಗಲಿಲ್ಲ' ಅಂತ ಬರೆದಿದ್ದಾರೆ. ಈ ಚರ್ಚೆ ಓದುತ್ತಾ ಅದೇ ನೆನಪಾಯಿತು. ನನ್ನಂಥವಳು ಬ್ರಾಡನ್‌ಳನ್ನು ಎಲ್ಲಿಂದ ಶುರು ಮಾಡಬೇಕು?

ಕಂತುಪ್ರಿಯೆ

ಆ ಖಾಲಿ ಹಾಳೆಯ ಮಾತು ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲಾಗಲಿಲ್ಲ.

ಲೇಡಿ ಆಡ್ಲಿಯಿಂದಲೇ ಶುರು ಮಾಡಿ. ಆದರೆ ಒಟ್ಟಿಗೆ ಓದಬೇಡಿ. ಅದು ಹಾಗೆ ಓದಲು ಬರೆದದ್ದಲ್ಲ. ಎಲ್ಲರೂ ಒಪ್ಪಿದರೆ ವಾರಕ್ಕೆ ಮೂರೇ ಅಧ್ಯಾಯ ಓದೋಣ. ಶನಿವಾರ ಸಂಜೆ ಇಲ್ಲೇ ಮಾತಾಡೋಣ. ಯಾರೂ ಮುಂದೆ ಹೋಗುವ ಹಾಗಿಲ್ಲ.

ನೇರ ಮಾತು

ನಾನೂ ಇದ್ದೇನೆ. ಎರಡನೇ ಸಲ ಓದುತ್ತೇನೆ.

ಮಲೆನಾಡ ಓದುಗ

ನಾನು ಬಾವಿಯ ಹತ್ತಿರವೇ ನಿಂತಿರುತ್ತೇನೆ, ನೀವೆಲ್ಲ ಬನ್ನಿ.

ಹಳೇ ಉಪಸಂಪಾದಕ

ಕಂತು ಹಾಕುವ ಕೆಲಸ ನನಗೆ ಬಿಡಿ. ಮೊದಲ ಮೂರು ಅಧ್ಯಾಯದ ಕಷ್ಟದ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದು ಶುಕ್ರವಾರ ರಾತ್ರಿಯೊಳಗೆ ಹಾಕುತ್ತೇನೆ. ಲೈಮ್ ಅಂದರೆ ನಿಂಬೆ ಅಲ್ಲ ಅನ್ನುವುದೇ ಮೊದಲ ಟಿಪ್ಪಣಿ.